ಓಗೊಟ್ಟ ದಂಡೆ

ಹೊಳೆಗೆ ಕಿವಿ ಇದೆ ಎಂದು ಗುಲಾಬಜ್ಜಿ ಹೇಳುತ್ತಿದ್ದಳು. ಮೊಮ್ಮಗಳು ಸಿಂಚನಾ ಅದನ್ನು ನಂಬಿಕೊಂಡೇ ಬೆಳೆದಳು. ಅವಳು ಓದು ಮುಗಿಸುವ ಹೊತ್ತಿಗೆ ಸರ್ಕಾರವೇ ಹೊಳೆಗೆ ಕಿವಿ ಇಟ್ಟಿತು. ಆ ಕಿವಿಯಲ್ಲಿ ಬಿದ್ದದ್ದನ್ನು ಕೇಳಿಸಿಕೊಳ್ಳುತ್ತ ಕೂರುವ ಕೆಲಸ ಅವಳಿಗೇ ಸಿಕ್ಕಿತು.

ಆ ಬೆಳಿಗ್ಗೆ ಕರಾವಳಿ ಕಾವಲು ಕೇಂದ್ರದ ಪರದೆಯ ಮೇಲೆ ಚಂಡಮಾರುತ ಬಿಳಿ ಸುರುಳಿಯಾಗಿ ತಿರುಗುತ್ತಿತ್ತು. ಮಧ್ಯಾಹ್ನದ ಉಬ್ಬರದ ಜೊತೆಗೇ ಅದು ದಡ ಮುಟ್ಟುತ್ತದೆ ಎಂದು ಲೆಕ್ಕ. ಹೊಳೆ ಸಮುದ್ರ ಸೇರುವ ಜಾಗದಲ್ಲಿ, ನೀರಿನ ನಡುವೆ ಒಂದು ನಡುಗಡ್ಡೆ. ಆ ಸೀಮೆಯವರ ಬಾಯಲ್ಲಿ ಕುರ್ವೆ. ಬೆಳ್ಳಕ್ಕಿಕುರ್ವೆ ಅದರ ಹೆಸರು. ಸಿಂಚನಾಳ ಅಜ್ಜಿ ಇರುವುದು ಅಲ್ಲೇ, ಇನ್ನೂರು ಮನೆಗಳ ನಡುವೆ.

"ಉತ್ತರ ದಂಡೆ ಎಂಬತ್ತೊಂದು, ದಕ್ಷಿಣದ್ದು ಐವತ್ತೆಂಟು," ಎಂದು ಓದಿದಳು ಸಿಂಚನಾ.

"ಎಂಬತ್ತೊಂದು ಅಂದ್ರ ಕ್ವಾಟಿ ಗ್ವಾಡಿ ಇದ್ದಂಗ," ಎಂದರು ಕೇಂದ್ರದ ಮುಖ್ಯಸ್ಥೆ ಸುವರ್ಣಾ ಬಿರಾದಾರ. ವಿಜಯಪುರದ ಕಡೆಯ ಹೆಂಗಸು. ಸಮುದ್ರವನ್ನು ಮೊದಲ ಸಲ ನೋಡಿದ್ದು ಮೂವತ್ತು ದಾಟಿದ ಮೇಲೆ ಎಂದು ತಾವೇ ಹೇಳಿಕೊಂಡು ನಗುವವರು. ಅವತ್ತು ನಗಲಿಲ್ಲ. "ಮಂದಿ ಹೊಳಿ ದಾಟೂದು ಬ್ಯಾಡ. ಉತ್ತರ ದಂಡಿ ಹಿಂದಿನ ಆಸರೆ ಮನಿಯೊಳಗ ಕುಂಡ್ರಲಿ. ಹಂಗಂತ ಸುದ್ದಿ ಕಳಸು."

ಸಿಂಚನಾ ಕಳಿಸಿದಳು.

ದಂಡೆ ಎಂದರೆ ಕಲ್ಲಿನ ಗೋಡೆಯಲ್ಲ. ಕಲ್ಲು, ಕಾಂಕ್ರೀಟು ಎಲ್ಲವನ್ನೂ ಹಿಂದಿನವರು ಹಾಕಿ ನೋಡಿದ್ದರು. ಕಾದ ಸಮುದ್ರ ವರ್ಷವರ್ಷಕ್ಕೂ ಎತ್ತರವಾಗಿ ಬಂದು, ಗೋಡೆಯ ಬುಡದ ಮರಳನ್ನೇ ಕಿತ್ತು, ಅದನ್ನು ಬೋರಲು ಮಲಗಿಸಿ ಹೋಗಿತ್ತು. ಆಮೇಲೆ ಬಂದದ್ದು ಜೀವದಂಡೆ. ನೀರಿನಂಚಿಗೆ ಕಲ್ಲಿಗೆ ಕಚ್ಚಿಕೊಂಡು ಬೆಳೆಯುವ ಚಿಪ್ಪಿಗಳ ಸಾಲು, ಅದರ ಹಿಂದೆ ಕೆಸರಿನಲ್ಲಿ ಬೇರಿಳಿಸಿ ನಿಲ್ಲುವ ಕಾಂಡ್ಲಾ ಗಿಡಗಳು. ಚಿಪ್ಪಿ ಅಲೆಯ ಬೆನ್ನು ಮುರಿಯುತ್ತದೆ, ಬೇರು ಮಣ್ಣನ್ನು ಹಿಡಿಯುತ್ತದೆ, ಕೆಸರು ಗಾಳಿಯ ಇಂಗಾಲವನ್ನು ನುಂಗಿ ತನ್ನೊಳಗೆ ಹೂತಿಟ್ಟುಕೊಳ್ಳುತ್ತದೆ. ಕೆಟ್ಟರೆ ತಾನೇ ರಿಪೇರಿ ಮಾಡಿಕೊಳ್ಳುವ ಗೋಡೆ, ಬದುಕಿರುವಷ್ಟು ಕಾಲ.

ಅದನ್ನು ಬೆಳೆಸಿದ ಉಪಾಯ ಮಾತ್ರ ಅಜ್ಜಿಕಥೆಯಿಂದ ಎದ್ದು ಬಂದಂತಿತ್ತು. ಚಿಪ್ಪಿಯ ಮರಿಗಳು ಧೂಳಿನ ಕಣದಷ್ಟೇ ಸಣ್ಣಗೆ ನೀರಿನಲ್ಲಿ ತೇಲುತ್ತಿರುತ್ತವೆ. ಎಲ್ಲಿ ಇಳಿಯಬೇಕೆಂದು ಅವು ಸದ್ದು ಕೇಳಿ ತೀರ್ಮಾನಿಸುತ್ತವೆ. ಜೀವ ತುಂಬಿದ ಜಾಗದಲ್ಲಿ ನೀರಿನಡಿ ಸದಾ ಗಲಾಟೆ. ಚಿಟಿಕೆ ಹೊಡೆಯುವ ಸಿಗಡಿ, ಕೆಸರು ಕೆದರುವ ಏಡಿ, ಕಲ್ಲು ಕೆರೆಯುವ ಮೀನು, ಎಲ್ಲ ಸೇರಿ ಒಗ್ಗರಣೆಗೆ ಸಾಸಿವೆ ಸಿಡಿದಂತೆ ಚಟಪಟ. ಆ ಸದ್ದನ್ನು ಹಿಡಿದು, ಪೆಟ್ಟಿಗೆಗೆ ತುಂಬಿ, ಬೋಳು ದಂಡೆಯ ನೀರಿನೊಳಗೆ ನುಡಿಸಿದರೆ ಮರಿಗಳು ಊರು ಸಿಕ್ಕಿತೆಂದು ಬಂದು ಇಳಿಯುತ್ತವೆ. ಅದಕ್ಕೆ ಕರೆಪೆಟ್ಟಿಗೆ ಎಂದು ಹೆಸರು. ದಂಡೆ ಎಷ್ಟು ಜೀವಂತವಾಗಿದೆ ಎಂದು ಕೇಳಲು ಮತ್ತೊಂದು ಯಂತ್ರ, ನೀರುಗಿವಿ. ನೀರುಗಿವಿ ಕೇಳುವ ಹೊತ್ತಿಗೆ ಕರೆಪೆಟ್ಟಿಗೆಗಳು ತಾವಾಗಿ ಬಾಯಿ ಮುಚ್ಚಿಕೊಳ್ಳುತ್ತವೆ. ಆಗ ಕೇಳಿದ ಸದ್ದಿನಿಂದ ನೂರಕ್ಕೆ ಇಷ್ಟೆಂದು ಲೆಕ್ಕ ಹಾಕಿದ್ದೇ ಜೀವಾಂಕ; ಅದು ಹೆಚ್ಚಿದಷ್ಟೂ ದಂಡೆ ಗಟ್ಟಿ. ಮನುಷ್ಯರ ಮಾತು, ದೋಣಿಯ ಸದ್ದು ಏನಾದರೂ ನಡುವೆ ಬಂದರೆ ಯಂತ್ರ ಅದನ್ನು ಸೋಸಿ ಎಸೆಯುತ್ತದೆ.

ಸಿಂಚನಾಳಿಗೆ ಒಂದು ಚಾಳಿ. ಯಾರೂ ನೋಡದಿದ್ದಾಗ ಆ ಸೋಸುವುದನ್ನು ನಿಲ್ಲಿಸಿ ಕಿವಿಗೆ ಹಾಕಿಕೊಳ್ಳುವಳು. ಊರಿನ ಹೆಂಗಸರು ಬಟ್ಟೆ ಒಗೆಯುತ್ತ ಆಡುವ ಮಾತು ಕೇಳುತ್ತ ಕೂತರೆ ಅವಳಿಗೆ ತಾನು ಹೊಳೆಯ ತಳದಲ್ಲಿ ಮಲಗಿ ಊರನ್ನು ನೋಡುತ್ತಿದ್ದೇನೆ ಎನ್ನಿಸುತ್ತಿತ್ತು. ಅವತ್ತೂ ಭಯ ಕಳೆಯಲೆಂದು ಹಾಗೇ ಮಾಡಿದಳು. ಬೆಳಗಿನ ಎಣಿಕೆಯ ಸದ್ದು, ಉತ್ತರ ದಂಡೆ.

ಚಟಪಟ, ಚಟಪಟ. ನಡುವೆ ಟೊಕ್, ಟೊಕ್ ಎಂದು ದೋಣಿಗೆ ಗಳ ತಾಗುವ ಸದ್ದು. ಒಂದು ಕೆಮ್ಮು. ಗುಂಯ್ ಎನ್ನುವ ಹಾಡು. ಆಮೇಲೆ ಸ್ಪಷ್ಟವಾಗಿ ಗುಲಾಬಜ್ಜಿಯ ದನಿ:

"ಏ ತಮ್ಮಾ, ದೋಣೀಲಿ ನಿಲ್ಬೇಡ, ಕೂತ್ಕ. ನೀ ಬಿದ್ರೆ ನಿನ್ನ ಅಪ್ಪಂಗೆ ನಾನೆಂತ ಹೇಳೂದು?"

ಸಿಂಚನಾ ನಕ್ಕಳು. ಚಂಡಮಾರುತ ಬರುವ ದಿನವೂ ಅಜ್ಜಿಯ ಬೈಗುಳಕ್ಕೆ ಬಿಡುವಿಲ್ಲ. ಮತ್ತೆ ಟೊಕ್, ಟೊಕ್. ಕೆಮ್ಮು. ಹಾಡು. "ಏ ತಮ್ಮಾ, ದೋಣೀಲಿ ನಿಲ್ಬೇಡ, ಕೂತ್ಕ."

ಅದೇ ಮಾತು, ಅದೇ ಏರಿಳಿತ. ಅವಳು ದಂಡೆಯ ಇನ್ನೊಂದು ತುದಿಯ ನೀರುಗಿವಿಗೆ ಹೋದಳು. ಅಲ್ಲಿಯೂ ಅಜ್ಜಿ ಅದೇ ತಮ್ಮನನ್ನು ಕೂರಿಸುತ್ತಿದ್ದಳು. ಅವಳು ಸದ್ದನ್ನು ಹಿಂದಕ್ಕೆ ತಿರುಗಿಸಿ ಮತ್ತೊಮ್ಮೆ ಕೇಳಿದಳು.

ಆ ಮಾತು ಆಡಿದ ದಿನ ಸಿಂಚನಾ ಆ ದೋಣಿಯಲ್ಲೇ ಇದ್ದಳು. ಆಗ ಹೈಸ್ಕೂಲು. ಕರೆಪೆಟ್ಟಿಗೆಗೆಂದು ಸದ್ದು ಹಿಡಿಯಲು ಬಂದ ಇಲಾಖೆಯ ಹುಡುಗರನ್ನು ಅಜ್ಜಿ ದಕ್ಷಿಣ ದಂಡೆಯ ಕೆಸರು ಕಾಲುವೆಗೆ, ಕೆಸರುಕೋಡಿಗೆ, ಕರೆದೊಯ್ದಿದ್ದಳು. ಎತ್ತರದ ಹುಡುಗನೊಬ್ಬ ತಂತಿ ಹಿಡಿದು ಎದ್ದು ನಿಂತಿದ್ದ. ಅಜ್ಜಿ ಬೈದದ್ದು ಹಲಗೆಯ ಮೂಲಕ ನೀರಿಗಿಳಿದು ಅದರಲ್ಲಿ ಸೇರಿಹೋಗಿತ್ತು. ಇಲಾಖೆಯ ಪೆಟ್ಟಿಗೆಗೆ ಹೋದದ್ದು ತೊಳೆದು ಚೊಕ್ಕ ಮಾಡಿದ ಸದ್ದು. ತೊಳೆಯದ್ದನ್ನು ನೆನಪಿಗಿರಲಿ ಎಂದು ಹುಡುಗರು ಅಜ್ಜಿಯ ಫೋನಿಗೆ ಹಾಕಿಕೊಟ್ಟಿದ್ದರು.

ಅದು ನೀರಿನೊಳಗೆ ಹೇಗೆ ಹೋಯಿತು?

*

ಗುಲಾಬಜ್ಜಿ ಅಡುಗೆಮನೆಯಲ್ಲಿದ್ದಳು. ಫೋನಿನಲ್ಲಿ ಪಾತ್ರೆಯ ಸದ್ದು, ಕೋಳಿಯ ಸದ್ದು, ಪಕ್ಕದ ಮನೆಯ ಯಮುನಕ್ಕ ಗಂಡನನ್ನು ಗದರುವ ಸದ್ದು ಒಟ್ಟಿಗೇ ಬಂತು.

"ಗಂಜಿ ಬಗ್ಸ್ತಾ ಇದ್ದೆ ತಂಗಿ. ಆಸರೆ ಮನೆಗೆ ಹೊತ್ಕಂಡು ಹೋಗೂಕೆ. ಅಲ್ಲಿ ಕೊಡೂ ಉಪ್ಪಿಟ್ಟು ನಾಯಿನೂ ಮೂಸೂದಿಲ್ಲ."

"ಅಜ್ಜಿ, ಆ ಹುಡುಗ್ರು ಕೊಟ್ಟ ಸದ್ದು ಯಾರಿಗಾದ್ರೂ ಕೊಟ್ಟಿದ್ಯಾ?"

ಪಾತ್ರೆಯ ಸದ್ದು ನಿಂತಿತು.

"ಎಂತಕೆ?"

"ಹೇಳು ಅಜ್ಜಿ."

"ಊರಿಗೇ ಕೊಟ್ಟೆ. ಅದ್ರಲ್ಲಿ ಮುಚ್ಚಿಡೂಕೆ ಎಂತದಿದ್ದು? ಸರ್ಕಾರದ ಪೆಟ್ಟಿಗೆ ದಿನಕ್ಕೆರಡು ಸಲ ಬಾಯಿ ಮುಚ್ತದೆ. ಹಂಗೆ ಕರೆ ನಿಲ್ಲೂಕೆ ಬಿಡ್ಬಹುದಾ? ಅದ್ಕೇ ನಾವೇ ಹರಕೆ ಪೆಟ್ಟಿಗೆ ಕಟ್ಟಿದ್ದು. ಮನೇಲಿ ತೊಟ್ಟಿಲು ಕಟ್ಟಿದ್ರೆ ಹೊಳೆಗೊಂದು ಪೆಟ್ಟಿಗೆ. ಮದುವೆಯಾದ್ರೆ ಒಂದು. ಮೇಲೆ ಸೋಲಾರ್ ತಗಡು, ಕೆಳಗೆ ಡಬ್ಬ. ನಿಮ್ಮ ಪೆಟ್ಟಿಗೆ ನಿಂತ ಕೂಡ್ಲೇ ನಮ್ದು ಶುರು."

ಸಿಂಚನಾ ಕಣ್ಣು ಮುಚ್ಚಿದಳು. ಈ ಹರಕೆ ಎಲ್ಲಿ ಹುಟ್ಟಿತೆಂದು ಕೇಳುವುದೇ ಬೇಡ. ಕುರ್ವೆಯ ಮಕ್ಕಳೆಲ್ಲ ಗುಲಾಬಜ್ಜಿಯ ಆ ಕಥೆ ಕೇಳಿಯೇ ನಿದ್ದೆ ಮಾಡಿದವರು.

ಹೊಳೆಯ ಕಿರಿಮಗಳನ್ನು ಸಮುದ್ರಕ್ಕೆ ಮದುವೆ ಮಾಡಿ ಕೊಟ್ಟರಂತೆ. ಅವಳು ಮಕ್ಕಳನ್ನು ಕಟ್ಟಿಕೊಂಡು ತವರಿಗೆ ಹೊರಟಳಂತೆ. ಕಲಕಿದ ನೀರಿನಲ್ಲಿ ಕಣ್ಣಿಗೆ ದಾರಿ ಕಾಣುವುದಿಲ್ಲ, ಕಿವಿಯಿಂದಲೇ ಬರಬೇಕು. ತಾಯಿ ದಡದಲ್ಲಿ ಕೂತು ಗುಂಯ್ ಎಂದು ಹಾಡುತ್ತ ಕರೆದಳಂತೆ. ಮಗಳು ಇನ್ನೇನು ಬಾಗಿಲಿಗೆ ಬಂದಳು ಎನ್ನುವಾಗ ತಾಯಿಗೆ ತೂಕಡಿಕೆ ಬಂತು, ಹಾಡು ನಿಂತಿತು. ತವರಲ್ಲಿ ಯಾರೂ ಇಲ್ಲವೆಂದು ಮಗಳು ತಿರುಗಿ ಹೋದಳು. ತಾಯಿಯ ಕುರ್ವೆಯನ್ನು ಅದೇ ಸಮುದ್ರ ನುಂಗಿತು. ಅದಕ್ಕೇ ಕರೆ ನಿಲ್ಲಿಸಬಾರದು.

"ಅಜ್ಜಿ, ನಾವಿಲ್ಲಿ ಇಷ್ಟು ವರ್ಷ ಕೇಳಿದ್ದು ನಿನ್ನ ಪೆಟ್ಟಿಗೇನ. ದಂಡೆಯನ್ನಲ್ಲ."

*

ಬಿರಾದಾರ ಮೇಡಂ ಆ ಸದ್ದನ್ನು ಎರಡು ಸಲ ಕೇಳಿದರು. ಹೆಡ್‌ಫೋನ್ ತೆಗೆದು ಮೇಜಿನ ಮೇಲಿಟ್ಟು ಕಿಟಕಿಯ ಕಡೆ ನೋಡಿದರು. ತೆಂಗಿನ ತಲೆಗಳು ಒಂದೇ ದಿಕ್ಕಿಗೆ ಬಾಗತೊಡಗಿದ್ದವು.

"ಹಂಗಾರ ದಂಡಿ ಸತ್ತೈತೇನು?"

"ಗೊತ್ತಿಲ್ಲ ಮೇಡಂ. ಬದುಕಿರಲೂಬಹುದು. ಪೆಟ್ಟಿಗೆಯ ಸದ್ದಿನಡಿ ಏನಿದೆ ಅಂತ ಯಾರೂ ಕೇಳಿಲ್ಲ."

"ಕೇಳಿಲ್ಲ, ಸರಿ. ಯಾರೂ ಕಣ್ಣಿಲೆ ನೋಡಿಲ್ಲೇನು?"

ನೋಡಿದ್ದರು. ಇಳಿತದಲ್ಲಿ ಚಿಪ್ಪಿಯ ಸಾಲು ಎಲ್ಲರಿಗೂ ಕಾಣುತ್ತಿತ್ತು. ಆದರೆ ಸತ್ತ ಚಿಪ್ಪಿ ಕಲ್ಲು ಬಿಡುವುದಿಲ್ಲ. ಹೊರಗಿನಿಂದ ಬದುಕಿದ್ದಕ್ಕೂ ಸತ್ತದ್ದಕ್ಕೂ ಅಂತರ ತಿಳಿಯುವುದಿಲ್ಲ. ಕೈ ಹಾಕಿ ಬಿಡಿಸಬೇಕು. ಹರಕೆಯ ಜಾಗವೆಂದು ಉತ್ತರ ದಂಡೆಗೆ ಊರಿನವರು ಕೈ ಹಾಕುತ್ತಿರಲಿಲ್ಲ. ಅಂಕ ಚೆನ್ನಾಗಿದೆಯೆಂದು ಇಲಾಖೆಯವರು ನೀರಿಗಿಳಿಯುತ್ತಿರಲಿಲ್ಲ. ಸಿಂಚನಾಳಿಗೆ ಇನ್ನೊಂದೂ ಹೊಳೆಯಿತು. ಆ ದಂಡೆಗೆ ಬಿತ್ತಿದ್ದು ಬೇಗ ಬೆಳೆಯುವ ಒಂದೇ ತಳಿಯ ಚಿಪ್ಪಿ, ನೆಟ್ಟದ್ದು ಒಂದೇ ಜಾತಿಯ ಕಾಂಡ್ಲಾ. ಒಂದಕ್ಕೆ ರೋಗ ಬಂದರೆ ಎಲ್ಲಕ್ಕೂ ಬಂತು.

"ಈಗ ಮಂದೀನ ದಾಟಸು ಅಂತೀಯೇನು?"

ಆ ಪ್ರಶ್ನೆ ಎಲ್ಲಿಂದ ಬಂತೆಂದು ಸಿಂಚನಾಳಿಗೆ ಗೊತ್ತಿತ್ತು. ಎರಡು ವರ್ಷದ ಹಿಂದೆ ಪಕ್ಕದ ಹೊಳೆಯಲ್ಲಿ ಮೇಡಂ ಒಂದು ಊರನ್ನು ದಾಟಿಸಿದ್ದರು. ನಡುನೀರಿನಲ್ಲಿ ದೋಣಿ ಮಗುಚಿ ಒಬ್ಬಳು ಬಾಣಂತಿ, ಅವಳ ಕೂಸು ತೀರಿಹೋದರು. ಗಾಳಿ ನಿಂತ ಮೇಲೆ ನೋಡಿದರೆ ಆ ಊರಿನ ದಂಡೆಗೆ ಒಂದು ಗೀರೂ ಆಗಿರಲಿಲ್ಲ. ಅಂದಿನಿಂದ ಮೇಡಂ ಅಂಕ ನೋಡದೆ ಯಾವ ಆದೇಶಕ್ಕೂ ರುಜು ಹಾಕಿದವರಲ್ಲ.

"ಈ ಗಾಳಿಯೊಳಗ ದೋಣಿ ಹತ್ತಿಸಿದ್ರ ಒಂದೆರಡು ಮಗುಚೂದು ಗ್ಯಾರಂಟಿ," ಎಂದರು ಮೇಡಂ. "ಕುಂಡ್ರಿಸಿದ್ರ, ದಂಡಿ ಸತ್ತಿದ್ರ, ಇಡೀ ಊರ ಕೊಚ್ಚಿ ಹೊಕ್ಕೈತಿ. ಊಹೆ ಮ್ಯಾಲೆ ನಾ ಏನೂ ಮಾಡಾಂಗಿಲ್ಲ. ನನಗ ಖರೇ ಅಂಕ ಬೇಕು. ಉಬ್ಬರ ಏರೂದಕ್ಕ ಇನ್ನೆಷ್ಟು ಹೊತ್ತೈತಿ?"

"ಒಂದು ತಾಸು ಮೇಡಂ. ಕೇಳೋದಕ್ಕೆ ಐದು ನಿಮಿಷ ಸಾಕು. ಆದ್ರೆ ಅವರ ಪೆಟ್ಟಿಗೆಗಳಿಗೆ ನಮ್ಮ ಕೈ ಮುಟ್ಟೋದಿಲ್ಲ. ಅವರೇ ನಿಲ್ಲಿಸಬೇಕು."

"ನಿಮ್ಮಜ್ಜಿ ನಿಲ್ಲಸ್ತಾಳೇನು?"

*

"ಇವತ್ತಾ?" ಎಂದಳು ಗುಲಾಬಜ್ಜಿ. "ವರ್ಷವಿಡೀ ಕರೆದು, ಸಮುದ್ರ ಮೈಮೇಲೆ ಬರೂ ದಿನ ಸುಮ್ನಾಗೂದಾ? ನಿಂಗೆ ತಲೆ ನೆಟ್ಟಗಿದ್ಯನೇ?"

"ಐದೇ ನಿಮಿಷ ಅಜ್ಜಿ."

"ಐದು ನಿಮಿಷದ ತೂಕಡಿಕೆಗೇ ಆ ತಾಯಿ ಮನೆ ಹೋದ್ದು. ಮರ್ತ್ಯಾ?"

ಹಿಂದಿನಿಂದ ಯಮುನಕ್ಕನ ದನಿ ಬಂತು: "ಗುಲಾಬಕ್ಕಾ, ಅದ್ರ ಮಾತು ಕೇಳ್ಬೇಡ. ಆಫೀಸಿನವ್ರು ಹೇಳಿ ಕೊಟ್ಟಿದ್ದು."

ಸಿಂಚನಾ ಅಂಕಿಅಂಶ ಹೇಳಬಹುದಿತ್ತು. ರೋಗದ ಹೆಸರು, ತಳಿಯ ಹೆಸರು ಹೇಳಬಹುದಿತ್ತು. ಅಜ್ಜಿ ಅದನ್ನೆಲ್ಲ ಗೌರವದಿಂದ ಕೇಳಿ ಮತ್ತೆ ಗಂಜಿ ಬಗ್ಗಿಸಲು ಹೋಗುತ್ತಾಳೆಂದು ಅವಳಿಗೆ ಗೊತ್ತಿತ್ತು. ಕಿಟಕಿಯ ಗಾಜು ಗಾಳಿಗೆ ಗುಯ್ಗುಟ್ಟುತ್ತಿತ್ತು. ಅವಳು ಫೋನನ್ನು ಬಾಯಿಗೆ ಹತ್ತಿರ ಹಿಡಿದಳು.

"ಅಜ್ಜಿ, ಆ ಕಥೆ ಹಂಗಲ್ಲ."

"ಎಂತದು?"

"ತಾಯಿ ತೂಕಡಿಸಲೇ ಇಲ್ಲ. ಕರೀತಾನೇ ಇದ್ದಳು, ಒಂದು ಚೂರೂ ನಿಲ್ಲಿಸ್ದೆ. ಮಗಳು ಬಾಗಿಲಿಗೆ ಬಂದು ನಿಂತಿದ್ದಳು. 'ಅಮ್ಮಾ, ಬಂದೆ. ಮಕ್ಕಳಿಗೆ ಹುಷಾರಿಲ್ಲ. ಬಾಗಿಲು ತೆಗಿ' ಅಂತ ಕೂಗ್ತಾ ಇದ್ದಳು. ತಾಯಿಗೆ ಕೇಳಿಸಿದ್ದು ತನ್ನ ಹಾಡೇ. ಓಗೊಟ್ಟದ್ದು ಕೇಳಬೇಕಂದ್ರೆ ಕರೆದೋಳು ಒಂದು ಗಳಿಗೆ ಬಾಯಿ ಮುಚ್ಚಬೇಕಲ್ಲ ಅಜ್ಜಿ. ಅವಳು ಮುಚ್ಚಲಿಲ್ಲ. ಬಾಗಿಲಲ್ಲೇ ಮಕ್ಕಳು ಹೋದವು."

ಅತ್ತ ಕಡೆ ಅಜ್ಜಿ ಗಂಜಿಯ ಪಾತ್ರೆ ಕೆಳಗಿಟ್ಟ ಸದ್ದು ಬಂತು.

"ಇದು ನೀ ಈಗ ಕಟ್ಟಿದ್ದು," ಎಂದಳು ಅಜ್ಜಿ.

"ಹೌದು. ನೀನೂ ಒಂದಿನ ಕಟ್ಟಿದ್ದೇ ಅಲ್ದಾ?"

ಫೋನು ಕಟ್ಟಾಯಿತು.

ಸಿಂಚನಾ ಇಲಾಖೆಯ ಕರೆಪೆಟ್ಟಿಗೆಗಳನ್ನು ನಿಲ್ಲಿಸಿ, ನೀರುಗಿವಿಗಳನ್ನು ತೆರೆದು ಪರದೆಯ ಮುಂದೆ ಕೂತಳು. ಮೇಡಂ ಅವಳ ಕುರ್ಚಿಯ ಹಿಂದೆ ನಿಂತರು. ಕುರ್ವೆಯವರ ಫೋನುಗಳಿಗೆಲ್ಲ ಅಷ್ಟರಲ್ಲಿ ಒಂದು ದನಿ ಹೋಗಿತ್ತು ಎಂದು ಅವರಿಗೆ ಆಮೇಲೆ ತಿಳಿಯಿತು. "ನಾನು ಗುಲಾಬಿ. ಎಲ್ಲಾರೂ ಪೆಟ್ಟಿಗೆ ನಿಲ್ಸಿ. ಎಂತಕೆ ಅಂತ ಕೇಳೂಕೆ ಬಂದ್ರೆ ಬಾರಕೋಲು ತೆಗಿತೆ."

ಪರದೆಯಲ್ಲಿ ಎಂಬತ್ತೊಂದು ಇದ್ದದ್ದು ಎಪ್ಪತ್ತಾಯಿತು. ಐವತ್ತು. ಒಂದೊಂದು ಮನೆಯವರು ದಡದ ಸ್ವಿಚ್ಚು ತೆಗೆದಂತೆಲ್ಲ ಒಂದೊಂದು ಮೆಟ್ಟಿಲು ಇಳಿದಂತೆ. ಮೂವತ್ತು. ಹದಿನೇಳು. ಒಂಬತ್ತಕ್ಕೆ ಬಂದು ನಿಂತಿತು. ಕಿವಿಯಲ್ಲಿ ನೀರು ಕಲ್ಲಿಗೆ ಬಡಿಯುವ ಸದ್ದು ಬಿಟ್ಟರೆ ಏನೂ ಇರಲಿಲ್ಲ, ಬೀಗ ಹಾಕಿದ ಮನೆಯೊಳಗೆ ನಲ್ಲಿ ಸೋರಿದಂತೆ.

"ಅವ್ವಾ," ಎಂದರು ಮೇಡಂ ಮೆಲ್ಲಗೆ. ಆಸರೆ ಮನೆ ಇದ್ದದ್ದು ಆ ದಂಡೆಯ ಬೆನ್ನಿಗೇ.

"ದಕ್ಷಿಣ ನೋಡಿ ಮೇಡಂ."

ದಕ್ಷಿಣದ್ದು ಐವತ್ತೆಂಟೇ ಇತ್ತು, ಒಂದೂ ಕಡಿಮೆಯಾಗದೆ. ಕೆಸರುಕೋಡಿಯಲ್ಲಿ ನೆಟ್ಟ ಸಸಿಗಳನ್ನು ಏಡಿಗಳು ತಿಂದು ಹಾಕಿದ್ದವೆಂದು ಇಲಾಖೆ ಕೈಬಿಟ್ಟ ಜಾಗ ಅದು. ಅಲ್ಲಿ ಬೆಳೆದದ್ದೆಲ್ಲ ತಾನಾಗಿ ಬಂದದ್ದು: ನಾಲ್ಕಾರು ಬಗೆಯ ಕಾಂಡ್ಲಾ, ಹೆಸರಿಲ್ಲದ ಪೊದೆ, ಮೂರು ಬಗೆಯ ಚಿಪ್ಪಿ, ಬಸವನಹುಳು, ಏಡಿಬಿಲ. ನೋಡಲು ಬಾಚದ ತಲೆಯಂತೆ ಇರುತ್ತಿತ್ತು. ಸಿಂಚನಾ ಕಿವಿಗೊಟ್ಟಳು. ಸಾಸಿವೆ ಸಿಡಿಯುತ್ತಿತ್ತು. ಅದರಲ್ಲಿ ಅಜ್ಜಿಯ ಕೆಮ್ಮೂ ಇರಲಿಲ್ಲ, ತಮ್ಮನೂ ಇರಲಿಲ್ಲ.

"ಅಲ್ಲಿ ಹಿಂದೆ ಏನೈತಿ?"

"ಗಜನಿ ಗದ್ದೆಯ, ಅಂದ್ರೆ ಉಪ್ಪುನೀರಿನ ಭತ್ತದ ಗದ್ದೆಯ, ಹಳೇ ಕಣಜ, ದಿಬ್ಬದ ಮೇಲೆ. ದೊಡ್ಡದು. ನೀರು ದಾಟಬೇಕಿಲ್ಲ ಮೇಡಂ, ಕಟ್ಟೆಯ ಮೇಲೆ ನಡೆದೇ ಹೋಗಬಹುದು."

ಮೇಡಂ ಪರದೆಯನ್ನೇ ನೋಡಿದರು. "ಐವತ್ತೆಂಟು ಅಂದ್ರ ಪೂರಾ ತಡೀತೈತಿ ಅಂತ ಹೇಳಾಕ ಬರೂದಿಲ್ಲ," ಎಂದು ತಮಗೇ ಹೇಳಿಕೊಂಡರು. ಆಮೇಲೆ ಆದೇಶದ ಕೆಳಗೆ ಹೆಬ್ಬೆರಳು ಒತ್ತಿದರು. "ಹೇಳು. ಎಲ್ಲಾರೂ ದಕ್ಷಿಣಕ್ಕ. ಈಗ."

*

ಅಜ್ಜಿಯ ಕೊನೆಯ ಮಾತು ಫೋನಿನಲ್ಲಿ ಬಂದದ್ದು ಕಟ್ಟೆಯ ಮೇಲಿಂದ. ಗಾಳಿಗೆ ಅರ್ಧ ಹರಿದು ಬರುತ್ತಿತ್ತು.

"ಯಮುನನ ಅತ್ತೆಗೆ ನಡೀಲಿಕ್ಕಾಗೂದಿಲ್ಲ... ದೋಣೀಲಿ ಹಾಕ್ಕಂಡು ಕೋಡಿ ಒಳಗಿಂದ ಬರ್ತೆ... ಪೆಟ್ಟಿಗೆನೂ ತಂದಿದ್ದೆ..."

"ಪೆಟ್ಟಿಗೆ ಎಂತಕೆ ಅಜ್ಜಿ? ಬಿಸಾಕು ಅದ್ನ."

"ನಿನ್ನ ಹೆಸರಿನ ಹರಕೆ ಪೆಟ್ಟಿಗೆ ಕಣೇ. ಬಿಸಾಕೂದು ಹೆಂಗೆ?"

"ದಕ್ಷಿಣಕ್ಕೆ ಒಂದಾದ್ರೂ ಯಾಕೆ ಕಟ್ಟಲಿಲ್ಲ ನೀವು?" ಎಂದು ಸಿಂಚನಾ ಕೇಳಿದಳು. ಆ ಹೊತ್ತಿನಲ್ಲಿ ಯಾಕೆ ಕೇಳಿದಳೋ ಅವಳಿಗೂ ತಿಳಿಯಲಿಲ್ಲ. ಅಜ್ಜಿಯ ದನಿ ಇನ್ನೊಂದಿಷ್ಟು ಇರಲಿ ಎಂದಿರಬೇಕು.

"ಅಲ್ಲಿ ಕರೆಯೂದು ಎಂತಕೆ? ಅಲ್ಲಿ ಅವು ಇದ್ದೇ ಇದ್ವಲ್ಲ."

ಆಮೇಲೆ ಫೋನಿನ ಗೋಪುರ ಬಿತ್ತು.

ಚಂಡಮಾರುತ ಉಬ್ಬರದ ಬೆನ್ನೇರಿ ಬಂತು. ಕಾವಲು ಕೇಂದ್ರದ ಕಿಟಕಿಗಳ ಹೊರಗೆ ಮಧ್ಯಾಹ್ನವೇ ಕಪ್ಪಾಯಿತು. ಕಣ್ಣಿಗೆ ಏನೂ ಕಾಣದಿದ್ದರೂ ನೀರಿನಡಿಯ ತಂತಿಗಳು ಜೀವ ಹಿಡಿದಿದ್ದವು. ಸಿಂಚನಾ ಹೆಡ್‌ಫೋನ್ ತೆಗೆಯಲಿಲ್ಲ. ಉತ್ತರ ದಂಡೆಯಲ್ಲಿ ಮೊದಲು ಪಿಂಗಾಣಿ ಬಟ್ಟಲುಗಳ ಕಪಾಟು ಬಿದ್ದಂತೆ ಸದ್ದಾಯಿತು. ಖಾಲಿ ಚಿಪ್ಪುಗಳ ಸಾಲು ಮುರಿಯುತ್ತಿತ್ತು. ಆಮೇಲೆ ಬೇರು ಕೀಳುವ ಸದ್ದು, ಆಮೇಲೆ ಒಂದು ದೊಡ್ಡ ಕುಸಿತ. ಅಲ್ಲಿನ ನೀರುಗಿವಿಗಳು ಒಂದೊಂದಾಗಿ ಕಿವುಡಾದವು. ಆಸರೆ ಮನೆಯೊಳಗಿನ ಕ್ಯಾಮೆರಾ ಒಮ್ಮೆ ಖಾಲಿ ಬೆಂಚುಗಳನ್ನು ತೋರಿಸಿತು, ಬಾಗಿಲು ತಳ್ಳಿಕೊಂಡು ಬರುವ ಕಂದು ನೀರನ್ನು ತೋರಿಸಿತು, ಮತ್ತೆ ಏನನ್ನೂ ತೋರಿಸಲಿಲ್ಲ.

ಮೇಡಂ ಆ ಖಾಲಿ ಬೆಂಚುಗಳನ್ನು ನೋಡಿ ನೆಲದ ಮೇಲೆ ಕೂತುಬಿಟ್ಟರು.

ದಕ್ಷಿಣದ ನೀರುಗಿವಿ ಒಂದೇ ಒಂದು. ಅದರಲ್ಲಿ ಅಲೆ ಬಂದು ಬೇರುಗಳ ನಡುವೆ ಚೂರುಚೂರಾಗಿ, ಉಸಿರು ಬಿಟ್ಟಂತೆ ಹಿಂದೆ ಸರಿಯುವುದು ಕೇಳುತ್ತಿತ್ತು. ಮತ್ತೆ ಬರುತ್ತಿತ್ತು, ಮತ್ತೆ ಚೂರಾಗುತ್ತಿತ್ತು. ಚಟಪಟ ನಿಂತುಹೋಗಿತ್ತು. ಹೆದರಿ ಸುಮ್ಮನಾದವೋ, ಸತ್ತವೋ ಎಂದು ತಿಳಿಯುವಂತಿರಲಿಲ್ಲ. ಅಜ್ಜಿಯ ದೋಣಿ ಕೋಡಿಯೊಳಗೆ ಸೇರಿತೋ, ನಡುವೆಯೇ ಅಲೆಗೆ ಸಿಕ್ಕಿತೋ, ಅದೂ.

ಸಂಜೆಗೆ ಗಾಳಿ ಇಳಿಯಿತು. ಮೋಡದ ಅಂಚಿನಲ್ಲಿ ಹಳದಿ ಬೆಳಕು ಕಂಡಿತು. ಹೆಡ್‌ಫೋನಿನಲ್ಲಿ ಎಲ್ಲೋ ದೂರದಲ್ಲಿ ಒಂದು ಸಾಸಿವೆ ಸಿಡಿಯಿತು. ಸುಮಾರು ಹೊತ್ತಿನ ಮೇಲೆ ಇನ್ನೊಂದು.

ಮತ್ತೆ, ಟೊಕ್. ಟೊಕ್. ಒಂದು ಕೆಮ್ಮು.

"ಏ ತಮ್ಮಾ, ದೋಣೀಲಿ ನಿಲ್ಬೇಡ, ಕೂತ್ಕ."

ಅಜ್ಜಿ ಎಂದು ಕೂಗಹೊರಟ ಸಿಂಚನಾ ಅರ್ಧಕ್ಕೇ ತಡೆದಳು. ಪೆಟ್ಟಿಗೆ. ಅಜ್ಜಿ ಪೆಟ್ಟಿಗೆಯನ್ನೂ ತಂದಿದ್ದಳು. ದೋಣಿ ಮಗುಚಿ, ಪೆಟ್ಟಿಗೆ ನೀರಿಗೆ ಬಿದ್ದು, ಒಂಟಿಯಾಗಿ ಹಾಡುತ್ತಿದ್ದರೆ ಕೇಳುವುದು ಇದೇ ಸದ್ದು, ಇದೇ ಮಾತು.

"ಏನಾತವಾ?" ಎಂದು ಮೇಡಂ ಎದ್ದು ಬಂದರು. ಸಿಂಚನಾ ಕೈಯೆತ್ತಿ ತಡೆದಳು. ಪೆಟ್ಟಿಗೆಯಾದರೆ ಮುಂದೆ ಬರುವುದು ಅವಳಿಗೆ ಬಾಯಿಪಾಠ: ನೀ ಬಿದ್ರೆ ನಿನ್ನ ಅಪ್ಪಂಗೆ ನಾನೆಂತ ಹೇಳೂದು. ಅದು ಬರದಿರಲಿ ಎಂದು ಅವಳು ಹೊಳೆಯ ಕಿರಿಮಗಳನ್ನೂ, ಕಥೆಯಲ್ಲಿ ಬರುವ ಎಲ್ಲರನ್ನೂ ಬೇಡಿಕೊಂಡಳು.

ಟೊಕ್. ನೀರಿನ ಸದ್ದು. ಟೊಕ್.

"ಹಂಗೆ. ಕಣಜದಲ್ಲಿ ಊರೋರೆಲ್ಲ ನಮ್ಮ ದಾರಿ ಕಾಯ್ತಾ ಇದ್ರು. ಈಗ ಆ ಗಂಜಿ ಪಾತ್ರೆ ಇತ್ಲಾಗೆ ಕೊಡು. ಯಮುನನ ಅತ್ತೆ ನಡುಗ್ತಾ ಕೂತದೆ, ನಿಂಗೆ ಏಡಿ ನೋಡೂ ಪುರಸೊತ್ತು."

ಸಿಂಚನಾ ಹೆಡ್‌ಫೋನನ್ನು ಎರಡೂ ಕೈಯಿಂದ ಕಿವಿಗೆ ಒತ್ತಿಕೊಂಡಳು. ಅಳು ಬಂದರೆ ಮುಂದಿನ ಮಾತು ಕೇಳಿಸದು ಎಂದು ಉಸಿರು ಹಿಡಿದಳು. ಅಲ್ಲಿ, ಕೆಸರುಕೋಡಿಯ ನೀರಿನ ಮೇಲೆ, ಅಜ್ಜಿಯೂ ಗಳ ಊರುವುದನ್ನು ನಿಲ್ಲಿಸಿದಂತಿತ್ತು. ಹಾಡಲಿಲ್ಲ, ಬೈಯಲಿಲ್ಲ. ದೋಣಿಯ ಹಲಗೆಗೆ ನೀರು ಮೆಲ್ಲಗೆ ತಾಗುತ್ತಿತ್ತು.

ಆ ಮೌನದ ಅಡಿಯಿಂದ ಬೇರು ಬೇರಿನ ಸಂದಿಯಲ್ಲಿ ಒಂದು ಚಟ್ ಎಂದಿತು. ಅದಕ್ಕೆ ಉತ್ತರವಾಗಿ ಇನ್ನೊಂದು. ಆಮೇಲೆ ಹತ್ತು. ಆಮೇಲೆ ಎಣಿಸಲಾಗದಷ್ಟು.

"ಕೇಳ್ತದ್ಯಾ?" ಎಂದಳು ಗುಲಾಬಜ್ಜಿ, ದೋಣಿಯಲ್ಲಿದ್ದ ಯಾರಿಗೋ.

"ಕೇಳ್ತದೆ ಅಜ್ಜಿ," ಎಂದಳು ಸಿಂಚನಾ.